ಟೀ ಲೋಟದ ಮಟ್ಟ

ಸ್ಪ್ರಿಂಗಿನ ಬದಲು ಗಾಳಿ ಚೀಲಗಳ ಮೇಲೆ ನಿಲ್ಲುವ ಬಸ್ಸುಗಳಿಗೆ ಮಾಚೇನಹಳ್ಳಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ಗಾರೆಯವರ ರಸಮಟ್ಟವನ್ನು ಅವರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಯೊಳಗೆ ಅಂಚಿನವರೆಗೆ ಟೀ ತುಂಬಿದ ಲೋಟ ಇಡುವರು; ಚೆಲ್ಲದಿದ್ದರೆ ಗಾಡಿ ಸಮ. ಆಮೇಲೂ ವಾಲುತ್ತದೆ ಎಂದವರಿಗೆಲ್ಲ ಒಂದೇ ಉತ್ತರ: "ಗಾಡಿ ಸರಿ ಇದೆ. ನಿಮ್ಮ ನೆಲ ನೋಡ್ಕೊಳ್ಳಿ."

ನಾನು ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ, ಮಂಚ ಒಲೆಗಳೆಲ್ಲ ಇರುವ ಕ್ಯಾರವಾನ್ ಒಮ್ಮೆ ಎಡಕ್ಕೆ ವಾಲತೊಡಗಿತು. ಅವರು ಅದರ ಗಾಳಿ ಚೀಲದ ಪೈಪುಗಳಿಗೆ ಸೋಪಿನ ನೀರು ಬಳಿದು, ಗುಳ್ಳೆ ಎದ್ದ ಪೈಪು ಬದಲಿಸಿ, ಎರಡೂ ಪಕ್ಕದ ಎತ್ತರ ಹೊಂದಿಸಿ, ಲೋಟ ಇಟ್ಟರು. ಒಂದು ಹನಿ ಚೆಲ್ಲಲಿಲ್ಲ. ಮನೆ ಮುಂದೆ ತಂದು ನಿಲ್ಲಿಸಿದರೆ ಗಾಡಿ ಈಗ ಬಲಕ್ಕೆ ವಾಲಿತ್ತು. ಪರೀಕ್ಷೆಗೆಂದು ಮಲಗಿದ ನಮ್ಮತ್ತೆ ಮಂಚದಿಂದ ಉರುಳಿದರು.

ಮರುದಿನವೇ ಬಾಡಿಗೆಯವರು ಬರುವವರಿದ್ದರು. ಸಿಟ್ಟಿನಲ್ಲೇ ವಾಪಸ್ ಒಯ್ದೆ.

"ನಿಮ್ಮ ನೆಲ..." ಎಂದು ಅವರು ಶುರು ಮಾಡುವಷ್ಟರಲ್ಲಿ, ತುಂಬಿದ ಲೋಟವನ್ನು ಅವರ ಶೆಡ್ಡಿನ ನೆಲದ ಮೇಲೇ ಇಟ್ಟೆ. ಟೀ ಎಡಕ್ಕೆ ಚೆಲ್ಲಿ ಮೋರಿಯತ್ತ ಹರಿಯಿತು. ಗಾಡಿ ತೊಳೆದ ನೀರು ನಿಲ್ಲಬಾರದೆಂದು ಇಳಿಜಾರು ಬಿಟ್ಟು ಕಾಂಕ್ರೀಟ್ ಹಾಕಿಸಿದ್ದವರು ಅವರೇ.

ಅವರು ಆ ಹರಿವನ್ನೇ ನೋಡುತ್ತ ನಿಂತರು. ಲೋಟದಲ್ಲಿ ಉಳಿದ ಟೀ ಕುಡಿದರು. ಆಮೇಲೆ ಭದ್ರಾವತಿಯ ಬಸ್ ಮಾಲೀಕರೊಬ್ಬರಿಗೆ ಫೋನ್ ಮಾಡಿದರು.

"ಬಸ್ಸು ಬಲಕ್ಕೆ ವಾಲುತ್ತೆ ಅಂತಿದ್ರಲ್ಲ, ತಗೊಂಡ್ ಬನ್ನಿ. ಅಂಗಳ ಅಗೆಸೋದು ನಿಲ್ಸಿ ಮಾರಾಯ್ರೆ. ನಿಮ್ಮ ನೆಲ ಸರಿ ಇದೆ."