ಹನ್ನೊಂದು ಕಳೆಯಲಿ ಎಂದು ಕಾದೆವು

ಕಳೆದ ವಾರ ಸ್ಯಾನ್ ರಮೋನ್‌ನ ಇಂಡಿಯನ್ ಗ್ರಾಸರಿಯಲ್ಲಿ ಯಾರದೋ ಕೈಯಿಂದ ಓಮದ ಪೊಟ್ಟಣ ಬಿದ್ದು ಒಡೆಯಿತು. ಆ ಖಾರದ ವಾಸನೆಗೆ ಬರ್ಕ್ಲಿಯ ನಮ್ಮ ಹಳೆಯ ಅಪಾರ್ಟ್‌ಮೆಂಟು ನೆನಪಾಯಿತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಹನೀ, ನಿಮ್ಮಮ್ಮ ಇವತ್ತು ಏನು ಸುಡ್ತಿದಾರೆ?" ಎಂದು ಕೇಳುತ್ತಿದ್ದ ದನಿಯೂ.

ಎಂಬತ್ತರ ದಶಕದ ಮಾತು. ನನ್ನ ಗಂಡ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಪಕ್ಕದ ಮನೆಯ ಆಕೆ ಕಪ್ಪು ಜನಾಂಗದವಳು, ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದಳು. ನಾವಿಬ್ಬರೂ ಚೊಚ್ಚಲ ಬಸುರಿಯರು. ಒಂದೇ ಬಸ್ಸು ಹಿಡಿದು ಒಂದೇ ಆಸ್ಪತ್ರೆಗೆ ಹೋಗುತ್ತಿದ್ದೆವು. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ, ಆಕೆಯ ಕಾಲು ಬಾತಿದ್ದನ್ನು ಕಂಡು, "ಕಾಲು ಮೇಲಿಟ್ಕೊಂಡು ಕೂತ್ಕೋಮ್ಮ" ಎಂದು ಕನ್ನಡದಲ್ಲೇ ಗದರಿಸುತ್ತಿದ್ದರು. ಆಕೆ ಹಾಗೇ ಕೂರುತ್ತಿದ್ದಳು. "ನಿಮ್ಮಮ್ಮನ್ನ ನನಗೆ ಒಂದು ತಿಂಗಳು ಬಾಡಿಗೆಗೆ ಕೊಡು" ಎಂದು ನಗುತ್ತಿದ್ದಳು. ಅಂಥ ನಗುವನ್ನು ನಾನು ಆಮೇಲೆ ಕೇಳಿಲ್ಲ...

ಒಂಬತ್ತನೆಯ ತಿಂಗಳಲ್ಲಿ ನನಗೆ ತಲೆನೋವು ಬಂದು ಕಣ್ಣು ಮಂಜಾಯಿತು. ತೊದಲು ಇಂಗ್ಲಿಷಿನಲ್ಲಿ ಹೇಳಿದೆ. ನರ್ಸು ಕೂಡಲೇ ರಕ್ತದೊತ್ತಡ ನೋಡಿದಳು, ಡಾಕ್ಟರು ಅವತ್ತೇ ಸೇರಿಸಿಕೊಂಡರು. ನೋಡಲು ಬಂದ ಆಕೆ, "ನಿನ್ನ ಮಾತು ಅವರಿಗೆ ಬೇಗ ಕೇಳಿಸುತ್ತೆ, ಹನೀ" ಎಂದಳು. ತಮಾಷೆ ಎಂದುಕೊಂಡೆ.

ನನಗೆ ಮಗನಾಗಿ ಮೂರು ವಾರಕ್ಕೆ ಆಕೆಗೆ ಹೆಣ್ಣುಮಗು ಹುಟ್ಟಿತು. ಆಕೆ ಮಗುವಿನೊಂದಿಗೆ ಮನೆಗೆ ಬಂದ ಸುದ್ದಿ ಕೇಳಿ ನೋಡಲು ಹೊರಟೆ. ಅಮ್ಮ ತಡೆದರು. "ಪುರುಡು ಕಣೇ. ಹನ್ನೊಂದು ಕಳೀಲಿ, ಆಮೇಲೆ ಹೋಗೋಣ. ನೀನೂ ಹಸಿ ಬಾಣಂತಿ." ಆಕೆಗಾಗಿ ಓಮ ಹುರಿದು ಪುಡಿ ಮಾಡಿ, ಮೆಂತ್ಯದ ಉಂಡೆ ಕಟ್ಟಿ ಡಬ್ಬಿ ತುಂಬಿದರು. ಬಾಣಂತಿಯ ಮನೆಗೆ ಮೊದಲ ಹತ್ತು ದಿನ ಹೊರಗಿನವರು ಹೋಗಬಾರದೆನ್ನುವುದು ನಮ್ಮಲ್ಲಿ ಗೌರವವೇ ಆಗಿತ್ತು. ಆಕೆಯ ಮನೆಗೆ ಅದನ್ನು ಅನ್ವಯಿಸಿದವರು ನಾವು. ಆಕೆ ನಮ್ಮ ದಾರಿ ಕಾಯುತ್ತಿದ್ದಳೇನೋ.

ನಾಲ್ಕನೆಯ ದಿನ ಬಾಲ್ಕನಿಯಲ್ಲಿ ಕಂಡಳು. ಎರಡು ಬಾಲ್ಕನಿಗಳ ನಡುವೆ ಒಂದು ಮಾರು. ಮುಖ ಊದಿತ್ತು.

"ತಲೆ ಸೀಳ್ತಾ ಇದೆ. ಕಣ್ಣು ಸರಿಯಾಗಿ ಕಾಣ್ತಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ, ನೀರು ಕುಡಿದು ಮಲಗಿ ಅಂದರು."

ಮರುದಿನ ಮತ್ತೆ ಕಂಡಳು. ಗಂಡನ ಜೊತೆ ಆಸ್ಪತ್ರೆಗೇ ಹೋಗಿ ಬಂದಿದ್ದಳು. ಎರಡು ಗಂಟೆ ಕುರ್ಚಿಯಲ್ಲಿ ಕೂರಿಸಿ, ಹೊಸ ತಾಯಂದಿರಿಗೆ ನಿದ್ದೆ ಸಾಲದು ಎಂದು ಮಾತ್ರೆ ಕೊಟ್ಟು ಕಳಿಸಿದ್ದರು.

"ಬಿಪಿ ನೋಡಿದರಾ?" ಎಂದೆ.

"ನನ್ನನ್ನೇ ನೋಡಲಿಲ್ಲ, ಹನೀ."

ಆಗ ನಾನು ಹೊರಡಬೇಕಿತ್ತು. ಇದೇ ತಲೆನೋವು, ಇದೇ ಕಣ್ಣುಮಂಜಿಗೆ ನನ್ನನ್ನು ಸೇರಿಸಿಕೊಂಡಿರಲ್ಲ ಎಂದು ಆ ಕೌಂಟರಿನಲ್ಲಿ ಕೇಳಬೇಕಿತ್ತು. ನನ್ನ ಮಾತು ಅವರಿಗೆ ಕೇಳಿಸುತ್ತಿತ್ತು. ಒಳಗಿಂದ ಅಮ್ಮ, "ಗಾಳಿಗೆ ನಿಲ್ಲಬೇಡ್ವೇ" ಎಂದು ಕರೆದರು. ನಾಳೆ ನೋಡೋಣ ಎಂದುಕೊಂಡು ಒಳಗೆ ಬಂದೆ...

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಆಂಬುಲೆನ್ಸು ಬಂತು. ರಕ್ತದೊತ್ತಡ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಆಕೆ ಮನೆಗೆ ಮರಳಲಿಲ್ಲ. ಆಸ್ಪತ್ರೆಯವರು ಆಕೆಯ ಗಂಡನಿಗೆ, ಮೊದಲೇ ಹೇಳಬೇಕಿತ್ತು ಎಂದರಂತೆ. ತಿಂಗಳೊಳಗೆ ಮಗುವನ್ನು ಅಜ್ಜಿ ಬೇರೆ ರಾಜ್ಯಕ್ಕೆ ಕರೆದೊಯ್ದರು, ಆತನೂ ಮನೆ ಖಾಲಿ ಮಾಡಿದ. ವಿಳಾಸ ಕೇಳುವ ಧೈರ್ಯ ನನಗಾಗಲಿಲ್ಲ.

ಆ ಮಗುವಿಗೆ ಈಗ, ಆಗ ಅವಳ ತಾಯಿಗಿದ್ದುದಕ್ಕಿಂತ ಹೆಚ್ಚು ವಯಸ್ಸಾಗಿರಬೇಕು. ಎಲ್ಲಿದ್ದಾಳೋ, ಅವಳಿಗೆ ಯಾರು ಏನು ಹೇಳಿದ್ದಾರೋ. ಸಿಕ್ಕರೆ ನಾನು ಹೇಳಬೇಕಾದದ್ದು ಇಷ್ಟೇ: ನಿಮ್ಮಮ್ಮ ಹೇಳದೆ ಇರಲಿಲ್ಲ. ಎರಡು ಸಲ ಹೇಳಿದಳು, ಸ್ಪಷ್ಟವಾಗಿ. ಅವರು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ, ಹೋಗಲಿಲ್ಲ.