ಮೈದಾನಕ್ಕೆ ಬೆನ್ನು ಹಾಕಿದ ವೇದಿಕೆ

ಡೊಂಬಿವಲಿಯ ನಮ್ಮ ಪುಟ್ಟ ಫುಟ್‌ಬಾಲ್ ಕ್ಲಬ್ಬಿಗೆ ನಾನು ಕಾರ್ಯದರ್ಶಿಯಾದದ್ದು ಆಟ ಬಲ್ಲೆ ಎಂದಲ್ಲ. ಹೋಟೆಲಿನವನಿಗೆ ಜನ ಸೇರಿಸಲು ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ನನ್ನ ಮಗಳು ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳು. ಪಂದ್ಯದ ದಿನ ಮೈದಾನದಂಚಿನಲ್ಲಿ ಇರುತ್ತಿದ್ದವರು ಇಬ್ಬರು ಅಮ್ಮಂದಿರು, ಮತ್ತೆ ಕ್ರಿಕೆಟ್ಟಿಗೆ ಜಾಗ ಯಾವಾಗ ಖಾಲಿಯಾಗುತ್ತದೆಂದು ಕಾಯುವವರು.

“ಪಪ್ಪಾ, ಕೋಯೀ ದೇಖ್‌ನೇವಾಲಾ ತೋ ಹೋನಾ ಚಾಹಿಯೇ ನಾ,” ಎಂದಳು ಒಂದು ದಿನ. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ತಾನು ಆಡುವುದನ್ನು ನೋಡುವವರು ಬೇಕು, ಅಷ್ಟೇ ಅವಳ ಬೇಡಿಕೆ. ಅದೇನು ಮಹಾ ಎಂದುಕೊಂಡೆ.

ನಮ್ಮ ಕರಾವಳಿಯವರನ್ನು ಈ ಸೀಮೆಯಲ್ಲಿ ಎಲ್ಲಿಗೆ ಬೇಕಾದರೂ ಕರೆಸುವ ವಿದ್ಯೆ ನನಗೆ ಗೊತ್ತಿತ್ತು: ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಬೇಕು. ಹೆಸರಿಲ್ಲದವನಿಗೆ ಭಾನುವಾರ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಅಡ್ಡ ಬರುತ್ತದೆ. ಹೆಸರಿದ್ದವನು ಹಳಿಯ ಮೇಲೆ ನಡೆದಾದರೂ ಬರುತ್ತಾನೆ, ಸಕುಟುಂಬ. ಸಾನಪಾಡಾದವರೊಬ್ಬರನ್ನು ಅಧ್ಯಕ್ಷರನ್ನಾಗಿಯೂ ಮಾಜಿವಾಡಾದವರೊಬ್ಬರನ್ನು ಮುಖ್ಯ ಅತಿಥಿಯನ್ನಾಗಿಯೂ ಮಾಡಿ, ಉಳಿದ ಹದಿನೆಂಟು ಮಂದಿಯನ್ನು ‘ಗೌರವ ಉಪಸ್ಥಿತಿ’ಗೆ ತುಂಬಿದೆ. ಒಬ್ಬರು ಫೋನು ಮಾಡಿ, “ಅಲ್ಲ ಮಾರಾಯ್ರೆ, ನನ್ನ ಹೆಸರು ಅಷ್ಟು ಕೆಳಗೆ ಹೋದದ್ದು ಹೇಗೆ?” ಎಂದು ಕೇಳಿದರು. ಎದುರಾಳಿ ತಂಡ ಯಾವುದೆಂದು ಒಬ್ಬರೂ ಕೇಳಲಿಲ್ಲ. ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸಲು ನನಗೂ ನೆನಪಾಗಿರಲಿಲ್ಲ.

ಭಾನುವಾರ ಜನವೋ ಜನ. ವೇದಿಕೆಯನ್ನು ನಾನೇ ನಿಂತು ಹಾಕಿಸಿದ್ದೆ, ನಮ್ಮ ಕರಾವಳಿಯವರ ಸಂಘದ ಸಮಾರಂಭಗಳಲ್ಲಿ ಹೇಗೋ ಹಾಗೆಯೇ. ಅತಿಥಿಗಳ ಎದುರು ಸಭಿಕರು, ಅತಿಥಿಗಳ ಬೆನ್ನಿಗೆ ದೊಡ್ಡ ಬ್ಯಾನರ್, ಬ್ಯಾನರಿನ ಹಿಂದೆ ಮೈದಾನ. ಆಟ ಶುರುವಾದ ಮೇಲೆಯೇ ನನಗೆ ತಪ್ಪು ಹೊಳೆದದ್ದು. ಬಂದವರಲ್ಲಿ ಯಾರೂ ತಕರಾರು ಮಾಡಲಿಲ್ಲ.

ಮಧ್ಯಂತರದಲ್ಲಿ ಸನ್ಮಾನ ಇಟ್ಟುಕೊಂಡಿದ್ದೆ. ಇಪ್ಪತ್ತು ಶಾಲು ಹತ್ತು ನಿಮಿಷದಲ್ಲಿ ಮುಗಿಯುವುದುಂಟೇ? ರೆಫ್ರಿ ನಮಗಾಗಿ ಕಾಯದೆ ಉಳಿದರ್ಧ ಆಟಕ್ಕೆ ಸೀಟಿ ಊದಿದ. ನಾನು ಮೈಕ್ ಹಿಡಿದು ಉಲ್ಹಾಸನಗರದ ಅಂಗಡಿ ಮಾಲೀಕರೊಬ್ಬರ ಗುಣಗಾನ ಮುಗಿಸಿ ಅವರಿಗೆ ಶಾಲು ಹೊದಿಸಿದೆ. ಜೋರು ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಬ್ಯಾನರಿನ ಆಚೆ ಹುಡುಗಿಯರು ಖುಷಿಯಿಂದ ಕಿರುಚಿದ್ದು ಕೇಳಿಸಿತು. ಇನ್ನೂ ಆರು ಶಾಲು ಬಾಕಿಯಿದ್ದವು, ನಾನು ತಿರುಗಿ ನೋಡಲಿಲ್ಲ.

ಮನೆಗೆ ಹೋಗುವಾಗ ರಿಕ್ಷಾದಲ್ಲಿ ಮಗಳು ಕೂತಲ್ಲಿ ಕೂರುತ್ತಿರಲಿಲ್ಲ. “ಪಪ್ಪಾ, ಮೇರೇ ಗೋಲ್ ಪೇ ಕಿತ್‌ನೀ ತಾಲಿಯಾಂ ಬಜೀ!”

ಆ ಚಪ್ಪಾಳೆ ಶಾಲಿಗೆ ಬಿದ್ದದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. “ಎಂಥಾ ಕಿಕ್ ಮಾರಾಯ್ತಿ ಅದು!” ಎಂದುಬಿಟ್ಟೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. “ಹೆಡರ್ ಥಾ, ಪಪ್ಪಾ,” ಎಂದು ರಸ್ತೆಯ ಕಡೆ ಮುಖ ತಿರುಗಿಸಿದಳು. ಅದು ತಲೆಯಿಂದ ಹೊಡೆದ ಗೋಲು. ನಾಚಿಕೆಯಿಂದ ಕುಗ್ಗಿಹೋದೆ.

ಮುಂದಿನ ಪಂದ್ಯಕ್ಕೆ ಪತ್ರಿಕೆ ಮಾಡಿಸಲಿಲ್ಲ. ಬ್ಯಾನರು, ಮೈಕು, ಶಾಲು ಯಾವುದೂ ಇರಲಿಲ್ಲ, ಜನರೂ ಇರಲಿಲ್ಲ. ಹೋಟೆಲಿನಿಂದ ಒಂದು ಕುರ್ಚಿ ಒಯ್ದು ಮೈದಾನಕ್ಕೆ ಮುಖ ಮಾಡಿ ಕೂತೆ. ಅವಳಿಗೆ ಆ ದಿನ ಗೋಲು ಸಿಗಲಿಲ್ಲ. ಎರಡು ಸಲ ನನ್ನ ಕಡೆ ನೋಡಿದಳು. ಎರಡೂ ಸಲ ನಾನು ಅವಳನ್ನೇ ನೋಡುತ್ತಿದ್ದೆ.