ಹೊಟ್ಟೆಗೊಂದು ಉಂಗುರ

ನನ್ನ ತೂಕ ಎಷ್ಟೆಂದು ನನಗೆ ಸರಿಯಾಗಿ ಗೊತ್ತಾದದ್ದು ನಮ್ಮದೇ ಎಣ್ಣೆ ಮಿಲ್ಲಿನ ಕಾಟಾದ ಮೇಲೆ. ಚಳ್ಳಕೆರೆಯ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದ ತೂಕದ ಯಂತ್ರದ ಮುಳ್ಳು ನಾನು ಹತ್ತಿದ ಕೂಡಲೇ ಕೊನೆಯ ಗೆರೆ ಮುಟ್ಟಿ ಅಲ್ಲೇ ನಿಂತುಬಿಟ್ಟಿತ್ತು. "ಇದಕ್ಕಿಂತ ಮೇಲೆ ನಮ್ಮಲ್ಲಿ ನೋಡೋಕಾಗಲ್ಲ ಮೇಡಂ" ಎಂದು ಡಾಕ್ಟರು ಬಹಳ ಮರ್ಯಾದೆಯಿಂದ ಹೇಳಿದರು. ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮ ಯಜಮಾನರು ಒಂದು ಕ್ಷಣವೂ ಯೋಚಿಸಲಿಲ್ಲ. "ಮಿಲ್ಲಿಗೆ ಬಾ, ಶೇಂಗಾ ಚೀಲ ತೂಗೋ ಕಾಟಾ ಐತಲ್ಲ" ಎಂದರು.

ಕೆಲಸದವರೆಲ್ಲ ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡೇ ಹೋದೆ. ಆದರೂ ಹಳೆಯ ಹಮಾಲಿಯೊಬ್ಬರು ಕಾಟಾದ ಪಕ್ಕದಲ್ಲೇ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಎಷ್ಟೋ ವರ್ಷದಿಂದ ತೂಕ ಕೂಗಿ ಹೇಳಿಯೇ ಅವರಿಗೆ ಅಭ್ಯಾಸ. ನಾನು ಹತ್ತಿ ನಿಂತದ್ದೇ ತಡ, "ನೂರಾ ಹದಿನೆಂಟೂ!" ಎಂದು ರಸ್ತೆಗೆ ಕೇಳುವ ಹಾಗೆ ಕೂಗಿದರು. ನನ್ನ ಮುಖ ನೋಡಿ ದನಿ ತಗ್ಗಿಸಿ, "ಅಮ್ಮಾರೆ, ಚೀಲದ ತೂಕ ಕಳೀತೀವಲ್ರಿ, ಹಂಗೆ ಸೀರೆ ತೂಕ ಕಳೀಲೇನ್ರಿ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ನನಗಾಗಿ ಏನಾದರೂ ಕಡಿಮೆ ಮಾಡಿಕೊಡಬಹುದೇ ಎಂದು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದರು. "ಕಳೀರಿ" ಎಂದೆ. ನೂರಾ ಹದಿನೇಳೂವರೆಗೆ ಇಳಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದೆ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಜಠರದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಎಂದು ಪ್ರಶ್ನೆ ಕೊಟ್ಟವಳು. ನನ್ನದೇ ಜಠರದ ವಿಷಯದಲ್ಲಿ ಮಾತ್ರ ಪೂರ್ತಿ ಫೇಲು. ಪ್ರತಿ ವರ್ಷ ಮಕ್ಕಳನ್ನು ಅಶೋಕನ ಶಾಸನ ತೋರಿಸಲು ಸಿದ್ದಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಕೊನೆಯ ಮೂರು ವರ್ಷ ನಾನು ಬಸ್ಸಿನಿಂದ ಇಳಿಯಲೇ ಇಲ್ಲ. ಎಲ್ಲರ ಟಿಫಿನ್ ಡಬ್ಬಿ ಕಾಯುತ್ತ ಕೂತೆ. ಮಂಡಿ ಅಷ್ಟು ನೋಯುತ್ತಿತ್ತು. ಡಬ್ಬಿಗಳನ್ನು ಬರಿದೇ ಕಾಯುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ತೂಕ ಇಳಿಸಲು ಮಾಡದ ಉಪಾಯವಿರಲಿಲ್ಲ. ಬಿಸಿನೀರಿಗೆ ಜೇನುತುಪ್ಪ, ನೆನೆಸಿದ ಮೆಂತ್ಯ, ಬೆಳಗಿನ ವಾಕಿಂಗು, ಯಾರೋ ಮಾರಿದ ಡಬ್ಬಿ ಪುಡಿ. ನಾಲ್ಕು ಕಿಲೋ ಹೋಗುತ್ತಿತ್ತು. ಹೋದ ಕಿಲೋಗಳು ಎರಡು ತಿಂಗಳು ಬಿಟ್ಟು ನೆಂಟರನ್ನೂ ಕಟ್ಟಿಕೊಂಡು ವಾಪಸ್ ಬರುತ್ತಿದ್ದವು. ಕೊನೆಗೆ ದಾವಣಗೆರೆಯ ಮೂಳೆ ಡಾಕ್ಟರು, "ಈ ತೂಕಕ್ಕೆ ಹೊಸ ಮಂಡಿ ಹಾಕಿದರೂ ಅದು ತಾಳಲ್ಲ, ಮೊದಲು ಇವರನ್ನು ನೋಡಿ" ಎಂದು ಬೆಂಗಳೂರಿನ ಒಬ್ಬ ಸರ್ಜನ್ ಹತ್ತಿರ ಕಳಿಸಿದರು.

ಸರ್ಜನ್ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಅಂಗೈ ಮೇಲೆ ಒಂದು ಬಿಳಿಯ ಬಳೆಯಂಥದ್ದನ್ನು ಇಟ್ಟು ತೋರಿಸಿದರು. ಕುಕ್ಕರ್ ಗ್ಯಾಸ್ಕೆಟ್ಟಿನ ಮರಿಯಂತಿತ್ತು. ಅದನ್ನು ಜಠರದ ಮೇಲ್ತುದಿಗೆ ಸುತ್ತಿ ಕಟ್ಟುತ್ತಾರೆ. ಮೇಲೆ ಚಿಕ್ಕ ಬಟ್ಟಲಿನಷ್ಟು ಜಾಗ ಉಳಿಯುತ್ತದೆ. ಅದು ತುಂಬಿದರೆ ಹೊಟ್ಟೆ ತುಂಬಿದಂತೆ. ಚರ್ಮದ ಕೆಳಗೆ ಒಂದು ಗುಂಡಿ ಇಡುತ್ತಾರೆ. ಅದರೊಳಗೆ ಸೂಜಿಯಿಂದ ಉಪ್ಪುನೀರು ಬಿಟ್ಟರೆ ಬಳೆ ಬಿಗಿಯಾಗುತ್ತದೆ, ತೆಗೆದರೆ ಸಡಿಲ.

"ನಿಮ್ಮ ವಯಸ್ಸಿಗೆ ಅಪಾಯ ಸ್ವಲ್ಪ ಹೆಚ್ಚು, ಮುಚ್ಚಿಡಲ್ಲ" ಎಂದರು. "ಹಾರ್ಟು, ಶುಗರ್ ಎಲ್ಲ ನೋಡಿಯೇ ಮಾಡೋದು. ಇನ್ನೊಂದು ಮಾತು. ಇದು ಬರೀ ಗೇಟು ಮೇಡಂ. ವಾಚ್‌ಮನ್ ಕೆಲಸ ನೀವೇ ಮಾಡಬೇಕು. ಪಾಯಸ, ಐಸ್‌ಕ್ರೀಮು ಗೇಟಿನ ಸಂದಿಯಲ್ಲಿ ನುಸುಳಿಕೊಂಡು ಹೋಗ್ತವೆ."

"ಮುದ್ದೆ?" ಎಂದು ಕೇಳಿದೆ.

"ತಿನ್ನಬಹುದು. ಆದರೆ ಪ್ರತಿ ತುತ್ತನ್ನೂ ಇಪ್ಪತ್ತೈದು ಮೂವತ್ತು ಸಲ ಅಗಿಯಬೇಕು."

ನಾನು ನಮ್ಮ ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾರೆ. ಅಗಿದವನನ್ನು ಪರಸ್ಥಳದವನೆಂದು ಗುರುತಿಸುತ್ತಾರೆ.

ಊರಿಗೆ ವಾಪಸ್ ಬರುವಾಗ, ಹಿರಿಯೂರು ದಾಟಿದ ಮೇಲೆ ನಮ್ಮ ಯಜಮಾನರು ಬಾಯಿಬಿಟ್ಟರು. "ಮದುವೇಲಿ ನಿಂಗೆ ಉಂಗುರ ಸಣ್ಣದಾತು ಅಂತ ನಿಮ್ಮವ್ವ ಹತ್ತು ವರ್ಷ ಅಂದ್ರು. ಈಗ ನೋಡಿದ್ರೆ ಹೊಟ್ಟೆಗೇ ಹಾಕಿಸ್ತಾರಂತೆ." ಆಮೇಲೆ, "ನೀನು ಹಿಂಗೇ ಇದ್ರೂ ನಂಗೇನೂ ಬ್ಯಾಸರಿಲ್ಲ ಕಣೇ" ಎಂದರು. ಅವರಿಗೆ ಹೆದರಿಕೆಯಾಗಿದೆ ಎಂದು ಆಗ ಗೊತ್ತಾಯಿತು.

ನನಗೂ ಆಗಿತ್ತು. ನಾಲ್ಕು ತಿಂಗಳು ಬೇಕು, ಬೇಡ ಎಂದು ಓಲಾಡಿದೆ. ಅರವತ್ತು ದಾಟಿದ ಮೇಲೆ ಇದೆಲ್ಲ ಯಾಕೆ, ಇಷ್ಟು ದಿನ ಇದ್ದಂತೆ ಇದ್ದುಬಿಡೋಣ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಸಂಜೆ ದೇವರ ಮನೆಯಲ್ಲಿ ಪೂಜೆಗೆ ಕೂತವಳು ಏಳಲಾಗದೆ ಕಂಬ ಹಿಡಿದು ಒದ್ದಾಡುವಾಗ, ಆಗಿದ್ದಾಗಲಿ ಅನ್ನಿಸುತ್ತಿತ್ತು. ಒಂದು ದಿನ ಕಂಬವೂ ಸಾಲದೆ ಪಕ್ಕದ ಮನೆಯವರನ್ನು ಕೂಗಿ ಎಬ್ಬಿಸಿಕೊಳ್ಳಬೇಕಾಯಿತು. ಮರುದಿನವೇ ಬೆಂಗಳೂರಿಗೆ ಫೋನು ಮಾಡಿದೆ.

ಊರಿಗೆಲ್ಲ ಪಿತ್ತಕೋಶದ ಕಲ್ಲು ಎಂದು ಹೇಳಿದೆವು. ಆಪರೇಷನ್ ಸುಸೂತ್ರವಾಗಿ ಆಯಿತು. ಹೊಟ್ಟೆಯ ಮೇಲೆ ಐದು ಸಣ್ಣ ತೂತಿನ ಗುರುತು, ಅಷ್ಟೇ. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಎರಡು ವಾರ ಬರೀ ನೀರು ನೀರಾದದ್ದು: ಸೋಸಿದ ಗಂಜಿ, ಬೇಳೆಕಟ್ಟು, ಮಜ್ಜಿಗೆ. ಅದೂ ಚಮಚೆಯಲ್ಲಿ. ಹಸಿವು ಅಷ್ಟೇನೂ ಇರಲಿಲ್ಲ. ಆದರೆ ಬಾಯಿಗೆ ಕೆಲಸವಿಲ್ಲದೆ ಅದು ಮುನಿಸಿಕೊಂಡಿತ್ತು. ನಮ್ಮ ಯಜಮಾನರು ನನ್ನೆದುರು ಉಣ್ಣಲು ಸಂಕೋಚಪಟ್ಟು, ಮಿಲ್ಲಿಗೇ ಊಟ ತರಿಸಿಕೊಳ್ಳತೊಡಗಿದರು. ನನಗೆ ಹೇಳಿರಲಿಲ್ಲ. ಮೀಸೆಯಲ್ಲಿದ್ದ ಒಗ್ಗರಣೆ ವಾಸನೆಯೇ ಹೇಳಿತು. "ಮಂಡಕ್ಕಿ ಮೆಣಸಿನಕಾಯಾ?" ಎಂದು ಕೇಳಿದೆ. ಕದ್ದು ಸಿಕ್ಕಿಬಿದ್ದವರಂತೆ ನಿಂತರು. "ನಾಳೆಯಿಂದ ಇಲ್ಲೇ ಕೂತು ತಿನ್ರಿ. ವಾಸನೆನಾದ್ರೂ ನನ್ನ ಪಾಲಿಗೆ ಬರ್ಲಿ" ಎಂದೆ.

ಆಮೇಲೆ ಮಿದ್ದ ಅನ್ನ, ಆಮೇಲೆ ಮೆತ್ತಗಿನ ಊಟ. ಮೂರು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿದೆ. ಪೇಟೆಯಲ್ಲಿ ಕಂಡವರು, "ಏನ್ರಿ ಮೇಡಂ, ಶುಗರ್ರಾ?" ಎಂದು ಮರುಗುತ್ತಿದ್ದರು. ನೂರಾ ಹದಿನೆಂಟಿದ್ದಾಗ ಯಾರೂ ಮರುಗಿರಲಿಲ್ಲ.

ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ಕರೆ ಬಂತು. ನನ್ನ ಮಗಳನ್ನು ಕೊಟ್ಟಿರುವುದು ಅಲ್ಲಿಗೆ. ಬೀಗರದು ರೇಷ್ಮೆ ಸೀರೆ ವ್ಯಾಪಾರ. ಮನೆಯ ಹಿಂದೆಯೇ ನಾಲ್ಕು ಮಗ್ಗ. ಮನೆಯನ್ನು ದೊಡ್ಡದು ಮಾಡಿ ಮಹಡಿ ಕಟ್ಟಿಸಿದ್ದರು, ಊಟಕ್ಕೆ ಬರಲೇಬೇಕೆಂದರು. ನನ್ನ ಬೀಗತಿ, ಅಂದರೆ ಅಳಿಯನ ತಾಯಿ, ಗಡಿಯಾಚೆ ರಾಯದುರ್ಗದ ಕಡೆಯವರು. ಕನ್ನಡದಲ್ಲಿ ಮಾತು ಶುರುಮಾಡಿ ಪ್ರೀತಿ ಉಕ್ಕಿದರೆ ತೆಲುಗಿಗೆ ಹೊರಳುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು 'ವದಿನಾ' ಎಂದು, ಅತ್ತಿಗೆ ಅನ್ನುವ ಅರ್ಥದಲ್ಲಿ. ಬಡಿಸಲು ನಿಂತರೆ ಅವರನ್ನು ತಡೆಯುವವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಅವರಿಗೂ ಕಲ್ಲಿನ ಕತೆಯನ್ನೇ ಹೇಳಿದ್ದೆವು. ನಿಜ ಗೊತ್ತಿದ್ದದ್ದು ನನ್ನ ಮಗಳಿಗೆ ಮಾತ್ರ. ಅವತ್ತು ಅವಳು ಮಹಡಿಯ ಮೇಲೆ ಗಂಡಸರ ಪಂಕ್ತಿ ನೋಡಿಕೊಳ್ಳುತ್ತಿದ್ದಳು.

ಕೆಳಗೆ ಮೇಜಿನ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತೆ. ಹೋಳಿಗೆಯ ಒಂದು ಚೂರು ಮುರಿದು ಅಗಿಯತೊಡಗಿದೆ. ಇಪ್ಪತ್ತೆರಡು, ಇಪ್ಪತ್ಮೂರು. ಬೀಗತಿ ಎದುರಿಗೆ ನಿಂತು ನನ್ನ ದವಡೆಯನ್ನೇ ನೋಡುತ್ತಿದ್ದರು.

"ಯಾಕ್ ವದಿನಾ, ಬೇಳೆ ಸರಿಯಾಗಿ ರುಬ್ಬಿಲ್ವಾ? ಕಲ್ಲು ಸಿಕ್ತಾ?"

"ಇಲ್ಲ ಇಲ್ಲ, ಬಾಳ ಚೆನ್ನಾಗೈತೆ."

"ಚೆನ್ನಾಗಿದ್ರೆ ಹಿಂಗೆ ಯಾರಾದ್ರೂ ತಿಂತಾರಾ? ಹೋದ ಯುಗಾದಿಗೆ ಆರು ಹೋಳಿಗೆ ತಿಂದೋರು ನೀವು. ನಮ್ ಮನೆ ಊಟ ಬ್ಯಾಡಾತೇನೋ." ಕಣ್ಣು ತುಂಬಿಕೊಂಡೇಬಿಟ್ಟರು. ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಆ ಅವಸರದಲ್ಲಿ ನಾನು ಮಾಡಬಾರದ್ದು ಮಾಡಿದೆ. ಎಲೆಯ ಅಂಚಿನಲ್ಲಿ ಬಿಸಿ ಮುದ್ದೆ ಹಬೆಯಾಡುತ್ತಿತ್ತು. ನನಗೆ ಇಷ್ಟವೆಂದು ಹೋಳಿಗೆಯ ದಿನವೂ ಮುದ್ದೆ ತಿರುವಿದ್ದರು ಪುಣ್ಯಾತ್ಗಿತ್ತಿ. ಹಳೆಯ ಅಳತೆಯಲ್ಲೇ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದೆ.

ಮೊದಲ ಕ್ಷಣ ಸ್ವರ್ಗ. ಎರಡನೆಯ ಕ್ಷಣ ಎದೆಯ ನಡುವೆ ಯಾರೋ ಬೆಣೆ ಹೊಡೆದಂತಾಯಿತು. ಮೇಲೂ ಬರದು, ಕೆಳಗೂ ಹೋಗದು. ಬಾಯಿ ತುಂಬ ಜೊಲ್ಲು. ಸೆರಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ. ಓಡಿದೆ ಅನ್ನುವುದು ನನ್ನ ಭಾವನೆ, ಕುಂಟಿದೆ. ಮಗ್ಗದ ಮನೆಯ ಗೋಡೆ ಹಿಡಿದು ನಿಂತು ಮುದ್ದೆಯನ್ನು ಹೊರಗೆ ಹಾಕುವ ಹೊತ್ತಿಗೆ ಹಿಂದೆಯೇ ಬೀಗತಿ ಬಂದಿದ್ದರು.

"ಅಯ್ಯೋ ವದಿನಾ, ಏಮೈಂದಿ, ಏನಾತು? ಎದೆ ನೋವಾ? ಗಾಡಿ ತರಿಸ್ಲಾ?"

ಉಸಿರು ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಬಳೆ, ಗುಂಡಿ, ಉಪ್ಪುನೀರು, ಸುಳ್ಳು. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಬೈಯುತ್ತಾರೆ ಎಂದುಕೊಂಡೆ. "ಎಲ್ಲೈತೆ ಗುಂಡಿ?" ಎಂದರು. ಕೈ ಹಿಡಿದು ಮುಟ್ಟಿಸಿದೆ. ಒತ್ತಿ ನೋಡಿ, "ರವಿಕೆ ಗುಂಡಿಗಿಂತ ದೊಡ್ಡದೈತೆ" ಎಂದು ನಕ್ಕರು. ನಾನೂ ನಕ್ಕೆ. ಹೊಟ್ಟೆ ನೋಯುವಷ್ಟು ನಕ್ಕೆವು.

"ನನಗೆ ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?"

"ನಾಚಿಕೆ ಆತು."

"ತಿನ್ನೋಕೆ ನಾಚಿಕೆ ಇರ್ಲಿಲ್ಲ, ತಿನ್ನದಿರೋಕೆ ಯಾಕ್ರಿ?"

ಅವತ್ತಿನಿಂದ ಅವರು ನನ್ನ ಜವಾಬ್ದಾರಿ ಹೊತ್ತುಕೊಂಡರು. ನಾನು ಆ ಮನೆಗೆ ಹೋದಾಗಲೆಲ್ಲ ಪುಟ್ಟ ಬೆಳ್ಳಿ ಬಟ್ಟಲಲ್ಲಿ ಮೆತ್ತಗೆ ಬೇಯಿಸಿದ ನವಣೆ ಅನ್ನ, ಬಸಿದ ಸಾರು. ಮುದ್ದೆಯ ಹಿಟ್ಟು ಅಂಬಲಿಯಾಯಿತು. ಪಕ್ಕದಲ್ಲೇ ಕೂತು ಒಂದೊಂದು ತುತ್ತಿಗೂ ಎಣಿಸುತ್ತಿದ್ದರು: "ಒಕಟಿ, ರೆಂಡು, ಮೂಡು..." ಹದಿನೆಂಟಕ್ಕೇ ನುಂಗಿದರೆ ತೊಡೆಗೆ ತಟ್ಟುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಜೀರ್ಣಕ್ರಿಯೆಯ ಪಾಠ ಹೇಳಿದ ಟೀಚರಿಗೆ ಇಂಥ ಟೀಚರು.

ಅವರಿಂದಲೇ ನಾನು ದೊಡ್ಡದೊಂದು ಪೆಟ್ಟಿನಿಂದ ಪಾರಾದೆ. ಎರಡನೆಯ ಸಲ ಉಪ್ಪುನೀರು ಬಿಟ್ಟಾಗ ಬಳೆ ಬಹಳ ಬಿಗಿಯಾಯಿತು. ನೀರೂ ತಡೆದು ತಡೆದು ಇಳಿಯುತ್ತಿತ್ತು. ತೂಕ ಮಾತ್ರ ಸರಸರ ಇಳಿಯುತ್ತಿತ್ತು. ನನಗೆ ಅದೇ ಖುಷಿ. ಡಾಕ್ಟರಿಗೆ ಹೇಳದೆ ಹತ್ತು ದಿನ ತಳ್ಳಿದೆ. ಹನ್ನೊಂದನೆಯ ದಿನ ಬೀಗತಿ ಚಳ್ಳಕೆರೆಗೆ ಬಂದರು. ನನ್ನ ಒಣಗಿದ ತುಟಿ ನೋಡಿ, ಒಂದು ಲೋಟ ನೀರು ಕೊಟ್ಟು, ಎದುರಿಗೆ ಕೂತರು. ಎರಡು ಗುಟುಕಿಗೆ ನಾನು ಲೋಟ ಕೆಳಗಿಟ್ಟೆ.

"ವದಿನಾ, ಹಾಸಿನ ಎಳೆ ಜಾಸ್ತಿ ಬಿಗಿ ಮಾಡಿದ್ರೆ ಮಗ್ಗದಾಗೆ ಏನಾಗ್ತೈತೆ ಗೊತ್ತಾ? ಎಳೆ ಪಟಪಟ ಅಂತ ಕಡೀತಾವೆ. ಸೀರೆ ಬೇಗ ಆಗಲ್ಲ, ಸೀರೆನೇ ಆಗಲ್ಲ. ಏಳ್ರಿ, ಬೆಂಗಳೂರಿಗೆ."

"ನಾಳೆ ಹೋದ್ರಾತು..."

"ಈಗ."

ಸರ್ಜನ್ ನನ್ನನ್ನು ಚೆನ್ನಾಗಿ ಗದರಿದರು. ಸೂಜಿ ಹಾಕಿ ನೀರು ತೆಗೆದ ಕೂಡಲೇ ಅಲ್ಲೇ ಒಂದು ಲೋಟ ನೀರು ಕುಡಿಸಿ ನೋಡಿದರು. ಗಂಟಲಿನಿಂದ ಅದು ತಣ್ಣಗೆ ಇಳಿದದ್ದು ಇನ್ನೂ ನೆನಪಿದೆ. ಆಮೇಲೆ ಅವರು ಬೀಗತಿಯ ಕಡೆ ತಿರುಗಿ, "ನಿಮ್ಮ ತೂಕ ಎಷ್ಟಮ್ಮಾ?" ಎಂದರು. "ನಂದು ಕೇಳ್ಬ್ಯಾಡ್ರಿ ಸ್ವಾಮಿ, ನಾನು ಜತೆಗೆ ಬಂದೋಳು" ಎಂದು ಸೆರಗು ಹೊದ್ದುಕೊಂಡು ಅವರು ನನಗಿಂತ ಮೊದಲೇ ಬಾಗಿಲು ದಾಟಿದರು.

ಎರಡು ವರ್ಷಕ್ಕೆ ಎಂಬತ್ತೆಂಟಕ್ಕೆ ಬಂದೆ. ಅಲ್ಲೇ ನಿಂತೆ. ಸಣಕಲಿಯೇನೂ ಆಗಲಿಲ್ಲ. ಬಲಗಾಲಿಗೆ ಹೊಸ ಮಂಡಿ ಬಂತು. ನೆಲದ ಮೇಲೆ ಕೂರಬಾರದೆಂದು ಅದಕ್ಕೆ ಬೇರೆ ಕಟ್ಟಳೆ. ಈಗ ಮಣೆಯ ಬದಲು ಕುರ್ಚಿ ಹಾಕಿಕೊಂಡು ಪೂಜೆ ಮಾಡುತ್ತೇನೆ. ಮದುವೆಮನೆಗಳಲ್ಲಿ ಎಲೆಯಲ್ಲಿ ಬಿಟ್ಟು ಏಳುವಾಗ ಇವತ್ತಿಗೂ ಮುಜುಗರವಾಗುತ್ತದೆ. ನುಂಗಿದ ಮುದ್ದೆಯ ಸುಖ ನೆನಪಾದರೆ ಹೊಟ್ಟೆಗಿಂತ ಗಂಟಲಿಗೆ ಹೆಚ್ಚು ಬೇಸರ.

ಸುದ್ದಿ ಹೇಗೋ ಹಬ್ಬಿತು. ನನ್ನ ವಯಸ್ಸಿನವರು ಮೆಲ್ಲಗೆ ವಿಚಾರಿಸಲು ಮನೆಗೆ ಬರತೊಡಗಿದರು. ಯಾರಿಗೂ ಮಾಡಿಸಿ ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಗಂಜಿ, ವಾಂತಿ, ಸೂಜಿ, ಮಂಡಿ, ಎಲ್ಲವನ್ನೂ ಇದ್ದಂತೆ ಹೇಳುತ್ತೇನೆ. ಅರ್ಧ ಜನ ಕಾಫಿ ಕುಡಿದು ಈ ಕಡೆ ಮತ್ತೆ ಬರುವುದಿಲ್ಲ. ಒಮ್ಮೆ ಉಳ್ಳಾರ್ತಿ ಕಾವಲಿನ ಕಡೆಯಿಂದ ಗಂಡ ಹೆಂಡತಿ ಇಬ್ಬರು ಬಂದರು, ಅರವತ್ತು ದಾಟಿದವರು. ಪ್ರಶ್ನೆ ಕೇಳಿದ್ದೆಲ್ಲ ಹೆಂಡತಿ. ಗಂಡ ಇನ್ನೂ ದಪ್ಪ. ನಮ್ಮ ಬೆತ್ತದ ಕುರ್ಚಿಯನ್ನು ಪೂರ್ತಿ ತುಂಬಿಕೊಂಡು, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಎಲ್ಲ ಮುಗಿದು ಹೊರಡುವಾಗ ಅವರೇ ಬಾಗಿಲಲ್ಲಿ ನಿಂತು ಕೇಳಿದರು.

"ಮೇಡಂ, ಸಾರು ಇಳೀತೈತೇನ್ರಿ?"

"ಸಾರು ಚೆನ್ನಾಗಿ ಇಳೀತೈತೆ" ಎಂದೆ.

ಅವರು ಹೆಂಡತಿಯ ಕಡೆ ತಿರುಗಿ, "ನೀನು ಡಾಕ್ಟರ ಹತ್ರ ಹೋದಾಗ ನಾನೂ ಬರ್ತೀನಿ ತಗಾ, ಒಂದ್ ಮಾತು ಕೇಳಿದ್ರೆ ಏನೂ ಹೋಗಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡರು.